ಟ್ಯೂರಿನ್ ಕುದುರೆಗೆ ಕಾಯಿಲೆ

ಬೆಲಾ ತಾರ್ ಅವರ ‘ದ ಟ್ಯೂರಿನ್ ಹಾರ್ಸ್’ (2011) ಕುರಿತು ಬಂದಿರುವ ಬರಹಗಳನ್ನು ಓದುತ್ತ ಹೋದರೆ, ಆ ಚಿತ್ರದಲ್ಲೊಂದು ಕುದುರೆ ಇದೆ ಎನ್ನುವುದೇ ಮರೆತುಹೋಗುತ್ತದೆ. ನೀತ್ಸೆ ಇರುತ್ತಾನೆ. ದೇವರ ಸಾವು ಇರುತ್ತದೆ. ಬೈಬಲ್ಲಿನ ಸೃಷ್ಟಿಯ ದಿನಗಳನ್ನು ಹಿಂದುಮುಂದಾಗಿಸಿದ ಆರು ದಿನಗಳ ಪ್ರಳಯ ಇರುತ್ತದೆ. ಸುಮಾರು ಮೂವತ್ತು ಶಾಟ್‌ಗಳಲ್ಲಿ ಎರಡೂವರೆ ಗಂಟೆ ಸಾಗಿಸಿದ್ದರ ಲೆಕ್ಕ ತಪ್ಪದೆ ಇರುತ್ತದೆ. ಚಿತ್ರಕಥೆಯಲ್ಲಿ ಜೊತೆಯಾದ ಲಾಸ್ಲೋ ಕ್ರಾಸ್ನಹೋರ್ಕೈ ಅವರಿಗೆ 2025ರಲ್ಲಿ ನೊಬೆಲ್ ಬಂದ ಮೇಲಂತೂ ಈ ತತ್ತ್ವದ ಹೊರೆ ಇನ್ನೂ ಹೆಚ್ಚಾಗುತ್ತದೆ. ನನಗೆ ಈ ಚಿತ್ರ ಮುಖ್ಯವಾಗಿರುವುದು ಬೇರೆಯೇ ಕಾರಣಕ್ಕೆ. ಒಂದೇ ಒಂದು ಕುದುರೆಯನ್ನು ನಂಬಿ ಬದುಕುವ ಮನೆಯಲ್ಲಿ ಆ ಕುದುರೆಗೆ ಕಾಯಿಲೆಯಾದರೆ ಒಡೆಯ ಏನು ಮಾಡುತ್ತಾನೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಪ್ರಳಯದ ಚಿತ್ರವಾಗಿ ಇದಕ್ಕೆ ಸಿಕ್ಕಿರುವ ಹೆಸರು ಅತಿಯಾಯಿತು. ಕುದುರೆಯ ಚಿತ್ರವಾಗಿ ಸಿಗಬೇಕಾದದ್ದು ಸಿಕ್ಕೇ ಇಲ್ಲ.

1889ರ ಜನವರಿ 3ರಂದು ಟ್ಯೂರಿನ್‌ನ ಬೀದಿಯಲ್ಲಿ ಚಾವಟಿ ಏಟು ತಿನ್ನುತ್ತಿದ್ದ ಕುದುರೆಯ ಕೊರಳು ತಬ್ಬಿ ನೀತ್ಸೆ ಅತ್ತ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ ಎನ್ನುವುದೂ ಗೊತ್ತು. ಚಿತ್ರ ಅದನ್ನು ಕತ್ತಲ ಪರದೆಯ ಮೇಲೆ ಮಾತಿನಲ್ಲೇ ಹೇಳಿ ಮುಗಿಸಿ, ಕುದುರೆ ಏನಾಯಿತೋ ತಿಳಿಯದು ಎಂದು ನಿಲ್ಲುತ್ತದೆ. ಆಮೇಲೆ ನೀತ್ಸೆಯ ಸುದ್ದಿಯೇ ಇಲ್ಲ. ನಿರ್ದೇಶಕರು ಅವನನ್ನು ಬಾಗಿಲಲ್ಲೇ ಬಿಟ್ಟು ನಮ್ಮನ್ನು ಒಳಗೆ ಕರೆದರೆ, ವಿಮರ್ಶಕರು ಬಾಗಿಲಲ್ಲೇ ನಿಂತು ಅವನ ಜೊತೆ ಮಾತಿಗಿಳಿದರು.

ಒಳಗೆ ಇರುವುದೇನು? ಬಲಗೈ ಸ್ವಾಧೀನವಿಲ್ಲದ ಮುದುಕ (ಯಾನೋಶ್ ದೆರ್ಜಿ), ಅವನ ಮಗಳು (ಎರಿಕಾ ಬೋಕ್), ಕಲ್ಲಿನ ಮನೆ, ಎದುರಿಗೆ ಲಾಯ, ನಿಲ್ಲದ ಗಾಳಿ, ದಿನಕ್ಕೆ ತಲೆಗೊಂದು ಬೇಯಿಸಿದ ಆಲೂಗಡ್ಡೆ. ಎರಡನೆಯ ದಿನದ ಗಾಡಿ ಕಟ್ಟುವ ದೃಶ್ಯವನ್ನು ಬಿಡದೆ ನೋಡಬೇಕು. ಲಾಯದಿಂದ ಕುದುರೆಯನ್ನು ಹೊರತರುತ್ತಾರೆ, ಎರಡು ಮೂಕಿಗಳ ನಡುವೆ ನಿಲ್ಲಿಸುತ್ತಾರೆ, ಪಟ್ಟಿಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಇಬ್ಬರಿಗೂ ಸೇರಿ ಇರುವುದು ಮೂರೇ ಕೈ. ಯಾವ ಪಟ್ಟಿಯನ್ನು ಯಾರು ಎಳೆಯಬೇಕು, ಯಾರು ಹಿಡಿದುಕೊಳ್ಳಬೇಕು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ ಕೂತಿದೆ. ಛಾಯಾಗ್ರಾಹಕ ಫ್ರೆಡ್ ಕೆಲೆಮನ್ ಅವರ ಕ್ಯಾಮೆರಾ ಇದಕ್ಕೆ ಕೊಡುವ ಸಮಯ ಕೆಲಸಕ್ಕೆ ಹಿಡಿಯುವಷ್ಟೇ ಸಮಯ. ಮುದುಕ ಗಾಡಿ ಹತ್ತಿ ಲಗಾಮು ಹಿಡಿಯುತ್ತಾನೆ. ಕುದುರೆ ಕದಲುವುದಿಲ್ಲ.

ಅವನು ಹೊಡೆಯುತ್ತಾನೆ. ಮತ್ತೆ ಮತ್ತೆ ಹೊಡೆಯುತ್ತಾನೆ. ಸಾಕು, ಅದು ಹೋಗುವುದಿಲ್ಲ ಎಂದು ತಡೆಯುವವಳು ಮಗಳು. ಇಲ್ಲಿ ಬಹಳ ಮಂದಿ ಮುದುಕನನ್ನು ಕ್ರೂರಿ ಎಂದು ಬರೆದು ಮುಂದೆ ಹೋಗಿದ್ದಾರೆ. ಕುದುರೆಯಿಂದ ಹೊಟ್ಟೆ ಹೊರೆದವರು ಹಾಗೆ ಬರೆಯಲಾರರು. ಗಾಡಿ ಹೊರಡದಿದ್ದರೆ ಆ ದಿನದ ದುಡಿಮೆ ಇಲ್ಲ. ಕುದುರೆಗೆ ಮೈ ಸರಿಯಿಲ್ಲ ಎಂದು ಒಪ್ಪಿಕೊಳ್ಳುವುದೆಂದರೆ ಅವನ ಪಾಲಿಗೆ ಮನೆ ಮುಳುಗಿತು ಎಂದು ಒಪ್ಪಿಕೊಂಡಂತೆ. ಹಟವೋ ಕಾಯಿಲೆಯೋ ಎಂಬ ಅನುಮಾನದಲ್ಲಿ ಹಟವೇ ಇರಲಿ ಎಂದು ಅವನು ಹಾರೈಸುತ್ತಾನೆ; ಚಾವಟಿ ಏಳುವುದು ಆ ಹಾರೈಕೆಯಿಂದ. ಭಯ ಹೀಗೆ ಕೋಪದ ವೇಷದಲ್ಲಿ ಬರುವುದನ್ನು ಕಾಯಿಲೆಯ ಮನೆಗಳನ್ನು ಕಂಡ ಯಾರಾದರೂ ಬಲ್ಲರು. ಏಟು ನಿಂತ ಮೇಲೆ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಬೇಕು. ತಾರ್ ಅದನ್ನೂ ಕತ್ತರಿಸುವುದಿಲ್ಲ. ವ್ಯರ್ಥವಾದ ಕೆಲಸಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂಬುದನ್ನು ಈ ಬಿಚ್ಚುವ ದೃಶ್ಯ ನಮ್ಮ ಮೈಗೆ ತಾಕಿಸುತ್ತದೆ.

ಮೂರನೆಯ ದಿನ ಲಾಯ ಗುಡಿಸಿ ಹುಲ್ಲು ಹಾಕಿದರೂ ಕುದುರೆ ಮೂಸುವುದಿಲ್ಲ. ನಾಲ್ಕನೆಯ ದಿನ ಬಾವಿ ಬತ್ತಿರುತ್ತದೆ, ಕುದುರೆ ನೀರನ್ನೂ ಒಲ್ಲದು. ಮಗಳು ಅದನ್ನು ಬೇಡಿಕೊಳ್ಳುತ್ತಾಳೆ. ಆಮೇಲೆ ಅಪ್ಪ, ಮಗಳು ಗಂಟುಮೂಟೆ ಕಟ್ಟಿ ಮನೆ ಬಿಡುತ್ತಾರೆ, ದಿಬ್ಬದಾಚೆ ಮರೆಯಾಗುತ್ತಾರೆ, ಸ್ವಲ್ಪ ಹೊತ್ತಿಗೆ ಕಾರಣವೇನೂ ಹೇಳದೆ ಮರಳಿ ಬರುತ್ತಾರೆ. ಯಾಕೆ ಮರಳಿದರು, ದಿಬ್ಬದಾಚೆ ಏನಿತ್ತು ಎಂದು ಪುಟಗಟ್ಟಲೆ ಚರ್ಚೆ ನಡೆದಿದೆ. ಯಾರೂ ಗಮನಿಸದ ಸಂಗತಿ ಬೇರೆಯಿದೆ. ಕೈಗಾಡಿಯನ್ನು ಎಳೆಯುವವಳು ಮಗಳು. ಕುದುರೆ ಗಾಡಿಗೆ ಕಟ್ಟಿಸಿಕೊಂಡು ಜೊತೆಗೆ ನಡೆಯುತ್ತದೆ. ಎಳೆಯಲಾರದ, ತಿನ್ನದ, ಕುಡಿಯದ ಪ್ರಾಣಿಯನ್ನು ಅವರು ಬಿಟ್ಟು ಹೋಗುವುದಿಲ್ಲ. ಆಲೂಗಡ್ಡೆಯೊಂದೇ ಆಹಾರವಾದ ಆ ಮನೆಯಲ್ಲಿ ಅದನ್ನು ಕಡಿದು ತಿನ್ನುವ ಮಾತು ಬರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕುದುರೆ ಮಾಂಸವೂ ಚರ್ಮವೂ ಮಾರಾಟವಾಗುತ್ತಿದ್ದವು ಎಂಬುದನ್ನು ನೆನೆದರೆ, ಹೇಳದೆ ಉಳಿಸಿದ ಈ ಸಂಗತಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಎರಡನೆಯ ದಿನ ಹೊಡೆದವನೇ ನಾಲ್ಕನೆಯ ದಿನ ಜೊತೆಗೆ ಕರೆದೊಯ್ಯುತ್ತಾನೆ. ಐದನೆಯ ದಿನ ಅವನೇ ಲಾಯಕ್ಕೆ ಹೋಗಿ ಕುದುರೆಯ ಮುಖಕ್ಕೆ ಕಟ್ಟಿದ ಹಗ್ಗ ತೆಗೆಯುತ್ತಾನೆ. ಇನ್ನು ನಿನ್ನಿಂದ ಕೆಲಸ ಕೇಳುವುದಿಲ್ಲ ಎಂದು ಒಡೆಯನೊಬ್ಬ ಕುದುರೆಗೆ ಹೇಳಬಹುದಾದ ರೀತಿ ಅದು. ಈ ಮೂರು ದೃಶ್ಯಗಳನ್ನು ಕೂಡಿಸಿ ನೋಡಿದವನಿಗೆ ಮುದುಕನ ಕಥೆ ಪೂರ್ತಿಯಾಗಿ ಸಿಗುತ್ತದೆ. ಅದಕ್ಕೆ ನೀತ್ಸೆಯ ಸಹಾಯ ಬೇಕಿಲ್ಲ.

ಕುದುರೆಯನ್ನು ಕುದುರೆಯಾಗಿ ನೋಡಲಾರದ ಈ ಅಭ್ಯಾಸ ಹಳೆಯದು. ‘ಅನ್ನಾ ಕರೆನಿನಾ’ದಲ್ಲಿ ವ್ರಾನ್‌ಸ್ಕಿ ಜೀನಿನ ಮೇಲೆ ತಪ್ಪಾದ ಕ್ಷಣದಲ್ಲಿ ಕೂತು ತನ್ನ ಓಟದ ಕುದುರೆ ಫ್ರೂ-ಫ್ರೂವಿನ ಬೆನ್ನು ಮುರಿಯುತ್ತಾನೆ. ಎದ್ದೇಳಲಾರದೆ ಬಿದ್ದ ಕುದುರೆಯ ಹೊಟ್ಟೆಗೆ ಒದೆಯುತ್ತಾನೆ, ಆಮೇಲೆ ಅದನ್ನು ಗುಂಡಿಟ್ಟು ಕೊಲ್ಲುತ್ತಾರೆ. ಫ್ರೂ-ಫ್ರೂ ಎಂದರೆ ಅನ್ನಾ ಎಂದು ನೂರು ಬಾರಿ ಬರೆದಾಗಿದೆ. ಟಾಲ್‌ಸ್ಟಾಯ್‌ಗೆ ಆ ಸೂಚನೆ ಬೇಕಿತ್ತು, ನಿಜ. ಆದರೆ ತನ್ನ ತಪ್ಪಿನಿಂದಲೇ ಪ್ರಾಣಿ ಸಾಯುವಾಗ ಮನುಷ್ಯ ಅದರ ಮೇಲೆಯೇ ಸಿಟ್ಟಾಗುತ್ತಾನೆ ಎಂಬ ಘೋರ ಸತ್ಯ ಆ ಒದೆತದಲ್ಲಿದೆ. ರೂಪಕದ ಅವಸರದಲ್ಲಿ ಅದು ಕೈಜಾರುತ್ತದೆ. ಕನ್ನಡದ ವಿಮರ್ಶೆಯೂ ಇದರಿಂದ ಹೊರತಲ್ಲ. ಡಿ.ವಿ.ಜಿ.ಯವರ ಕಗ್ಗ ಓದಿ ಬೆಳೆದ ನಮಗೆ ಜಟಕಾ ಕುದುರೆ ಕಂಡರೆ ಮೊದಲು ಹೊಳೆಯುವುದು ಮನುಷ್ಯನ ಪಾಡು. ಕಗ್ಗಕ್ಕೆ ಅದು ಸಲ್ಲುತ್ತದೆ. ಎಲ್ಲ ಕೃತಿಗಳಿಗೂ ಅದನ್ನೇ ಹೊರಿಸುವುದು ಓದಿನ ಸೋಮಾರಿತನ.

ಚಿತ್ರದಲ್ಲಿ ದೋಷವಿಲ್ಲವೆಂದು ಹೇಳುತ್ತಿಲ್ಲ. ಪಲಿಂಕಾ ಎಂಬ ಹಣ್ಣಿನ ಮದ್ಯ ಕೇಳಲು ಬರುವ ನೆರೆಯವ ಬರ್ನ್‌ಹಾರ್ಡ್‌ನ ಉದ್ದನೆಯ ಭಾಷಣ, ಎಲ್ಲವೂ ಕೆಟ್ಟುಹೋಯಿತು, ಹೀನರು ಗೆದ್ದರು ಎಂಬ ಆ ಉಪನ್ಯಾಸ, ಚಿತ್ರದ ಅತ್ಯಂತ ದುರ್ಬಲ ಭಾಗ. ವಿಮರ್ಶಕರು ಹೆಚ್ಚು ಉಲ್ಲೇಖಿಸುವುದೂ ಅದನ್ನೇ. ಅದೆಲ್ಲ ಬರೀ ಬೊಗಳೆ ಎಂದು ಮುದುಕ ತಳ್ಳಿಹಾಕುತ್ತಾನೆ; ಅವನ ತೀರ್ಪೇ ನನ್ನದೂ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕರುಳಲ್ಲಿ ನಿಂತರೆ ಹೊಟ್ಟೆಶೂಲೆ, ಅದರಿಂದ ಸಾವೂ ಬರಬಹುದು. ಹಾಗಾಗಿ ಮೇವು ಬಿಟ್ಟ ಕುದುರೆಯನ್ನು ಕಂಡ ಕೂಡಲೇ ಸಾಕಿದವನು ಲದ್ದಿ ನೋಡುತ್ತಾನೆ, ಪಕ್ಕೆಗೆ ಕಿವಿಯಿಟ್ಟು ಹೊಟ್ಟೆಯ ಸದ್ದು ಕೇಳುತ್ತಾನೆ, ತುಟಿ ಎತ್ತಿ ವಸಡಿನ ಬಣ್ಣ ನೋಡುತ್ತಾನೆ, ಗೊರಸು ಮುಟ್ಟಿ ಬಿಸಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಮರದ ಹುಳುಗಳ ಸದ್ದನ್ನು ಐವತ್ತೆಂಟು ವರ್ಷ ಕೇಳಿದೆ, ಈಗ ಕೇಳಿಸುತ್ತಿಲ್ಲ ಎನ್ನುವಷ್ಟು ಕಿವಿ ಸೂಕ್ಷ್ಮವಾದ ಈ ಮುದುಕ ತನ್ನ ಕುದುರೆಯ ಹೊಟ್ಟೆಗೆ ಒಮ್ಮೆಯೂ ಕಿವಿಯಿಡುವುದಿಲ್ಲ. ಕುದುರೆಗೂ ಕಾಯಿಲೆಯ ಯಾವ ನಿರ್ದಿಷ್ಟ ಲಕ್ಷಣವೂ ಇಲ್ಲ: ಕಾಲು ಕೆರೆಯುವುದಿಲ್ಲ, ಹೊರಳಾಡುವುದಿಲ್ಲ, ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುವುದಿಲ್ಲ, ಸುಮ್ಮನೆ ತಲೆ ತಗ್ಗಿಸಿ ನಿಲ್ಲುತ್ತದೆ. ತಾರ್ ಇಲ್ಲಿ ತತ್ತ್ವಜ್ಞಾನಿಗಳಿಗೆ ಶರಣಾಗಿದ್ದಾರೆ. ಕಾಯಿಲೆಗೆ ಹೆಸರಿಟ್ಟರೆ ಅದು ಲೋಕದ ಕಾಯಿಲೆಯಾಗದು ಎಂಬ ಅಂಜಿಕೆ ಇದು. ಮುದುಕ ಒಂದೇ ಒಂದು ಬಾರಿ ಪಕ್ಕೆಗೆ ಕಿವಿಯಿಟ್ಟಿದ್ದರೆ ಚಿತ್ರ ಇನ್ನೂ ದೊಡ್ಡದಾಗುತ್ತಿತ್ತು.

ಆದರೂ ಅದೇ 2011ರಲ್ಲಿ ಬಂದ ಸ್ಪೀಲ್‌ಬರ್ಗ್ ಅವರ ‘ವಾರ್ ಹಾರ್ಸ್’ ಜೊತೆ ಇಟ್ಟು ನೋಡಿ. ಮುಳ್ಳುತಂತಿಗೆ ಸಿಕ್ಕಿ ಗಾಯಗೊಂಡ ಕುದುರೆಗೆ ಇನ್ನೇನು ಗುಂಡು ಹಾರಿಸಬೇಕು ಎನ್ನುವಾಗ ಒಡೆಯನ ಸಿಳ್ಳೆ ಕೇಳಿ ಅದು ತಲೆಯೆತ್ತುತ್ತದೆ, ಬದುಕುತ್ತದೆ. ಪ್ರೀತಿ ಇದ್ದರೆ ಕುದುರೆ ಉಳಿಯುತ್ತದೆ ಎಂಬ ಈ ಭರವಸೆ ಕುದುರೆ ಕಳೆದುಕೊಂಡವರಿಗೆ ಮಾಡುವ ಅನ್ಯಾಯ. 2006ರ ಕೆಂಟಕಿ ಡರ್ಬಿ ಗೆದ್ದ ಓಟದ ಕುದುರೆ ಬಾರ್ಬರೋ ಎರಡು ವಾರದ ನಂತರ ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಒಡೆಯರಾದ ರಾಯ್ ಮತ್ತು ಗ್ರೆಚೆನ್ ಜಾಕ್ಸನ್ ದಂಪತಿ ಹಣವನ್ನಾಗಲಿ ಪ್ರೀತಿಯನ್ನಾಗಲಿ ಹಿಡಿದಿಡಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಚಿಕಿತ್ಸಕ ಡೀನ್ ರಿಚರ್ಡ್‌ಸನ್ ತಟ್ಟೆ, ಸ್ಕ್ರೂಗಳಿಂದ ಮೂಳೆ ಜೋಡಿಸಿದರು. ಮುರಿದ ಕಾಲಿನ ಭಾರ ಹೊತ್ತ ಇನ್ನೊಂದು ಹಿಂಗಾಲಿನ ಗೊರಸು ಉರಿಯೂತದಿಂದ ಕೆಟ್ಟಿತು. ಕೊನೆಗೆ 2007ರ ಜನವರಿ 29ರಂದು ದಯಾಮರಣ ಕೊಡಬೇಕಾಯಿತು. ಸಾವಿರಾರು ಡಾಲರ್‌ಗಳ ಚಿಕಿತ್ಸೆಯ ಕೊನೆಯಲ್ಲಿ ಆ ದಂಪತಿಯ ಮುಂದೆ ಬಂದು ನಿಂತ ಪ್ರಶ್ನೆ, ಆಲೂಗಡ್ಡೆ ತಿನ್ನುವ ಮುದುಕನ ಪ್ರಶ್ನೆಯೇ: ಹಗ್ಗ ಬಿಚ್ಚುವುದು ಯಾವಾಗ? ಸ್ಪೀಲ್‌ಬರ್ಗ್ ಆ ಪ್ರಶ್ನೆಯನ್ನು ಸಿಳ್ಳೆ ಹಾಕಿ ಓಡಿಸಿದರು. ತಾರ್ ಅದರ ಎದುರು ಕ್ಯಾಮೆರಾ ಇಟ್ಟು ಕಾದರು.

ನಮ್ಮ ಚಿತ್ರ ಸಮಾಜಗಳು ಈ ಸಿನಿಮಾ ತೋರಿಸುವಾಗ ಮೊದಲು ನೀತ್ಸೆಯ ಮೇಲೆ ಉಪನ್ಯಾಸ ಏರ್ಪಡಿಸುವ ಪರಿಪಾಠವನ್ನು ದಯವಿಟ್ಟು ಕೈಬಿಡಲಿ. ಮೈಸೂರಿನಲ್ಲಿ ಇಂದಿಗೂ ಟಾಂಗಾ ಓಡಿಸುವವರಿದ್ದಾರೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪಶುವೈದ್ಯರಿದ್ದಾರೆ. ಅವರಲ್ಲಿ ಒಬ್ಬರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ, ಚಿತ್ರ ಮುಗಿದ ಮೇಲೆ ಮೊದಲ ಮಾತು ಅವರಿಗೆ ಕೊಡಿ.