ಸಾಲ್ಟರನ ಶ್ವಾಸರೋಗ ಗ್ರಂಥ: ಒಂದು ವಿಮರ್ಶೆ

ಶ್ವಾಸರೋಗವನ್ನು ಕುರಿತು 19ನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಗ್ರಂಥಗಳಲ್ಲಿ ಹೆನ್ರಿ ಹೈಡ್ ಸಾಲ್ಟರನ ‘ಆನ್ ಆಸ್ತಮ’ ಎಂಬುದು ಅಗ್ರಗಣ್ಯವಾದುದು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯನಾಗಿದ್ದ ಸಾಲ್ಟರನು (1823-1871) ಇದನ್ನು 1860ರಲ್ಲಿ ಪ್ರಕಟಿಸಿ, 1868ರಲ್ಲಿ ಎರಡನೆಯ ಆವೃತ್ತಿಯನ್ನು ಹೊರತಂದನು. ವೈದ್ಯಗ್ರಂಥದ ವಿಮರ್ಶೆ ಇತಿಹಾಸದ ಅಧ್ಯಾಪಕರಿಗೆ ತಕ್ಕ ಕೆಲಸವೇ ಎಂದು ವಾಚಕರು ಶಂಕಿಸಬಹುದು. ಅವನು ಸೂಚಿಸಿದ ಚಿಕಿತ್ಸೆಯ ಗುಣದೋಷಗಳನ್ನು ನಾವು ಇಲ್ಲಿ ತೂಗುವುದಿಲ್ಲ. ಸಾಕ್ಷ್ಯದಿಂದ ನಿರ್ಣಯಕ್ಕೆ ಅವನು ನಡೆದ ಹಾದಿಯನ್ನು ಮಾತ್ರ ಪರೀಕ್ಷಿಸುತ್ತೇವೆ. ಆ ಹಾದಿ ಇತಿಹಾಸಕಾರರಿಗೆ ಚಿರಪರಿಚಿತವಾದುದು.

ಮೊದಲು ಗ್ರಂಥದ ಹಿರಿಮೆಯನ್ನು ಹೇಳಬೇಕು. ಗ್ರಂಥಕರ್ತನು ತಾನೇ ಈ ರೋಗದಿಂದ ನರಳಿದವನು. ಆದುದರಿಂದ ಅವನ ವರ್ಣನೆಯಲ್ಲಿ ಅನುಭವದ ಖಚಿತತೆಯಿದೆ. ಬೆಕ್ಕಿನ ಸಾಮೀಪ್ಯದಿಂದ, ಒಣಹುಲ್ಲಿನ ಸಂಪರ್ಕದಿಂದ, ಇಪಿಕಾಕ್ ಬೇರಿನ ಪುಡಿಯಿಂದ ಉಬ್ಬಸವೇಳುವುದನ್ನು ಅವನು ಗಮನಿಸಿದ್ದನು. ಕೆಲವು ರೋಗಿಗಳಿಗೆ ಹಳ್ಳಿಯ ಶುದ್ಧವಾಯುವಿಗಿಂತ ಲಂಡನ್ನಿನ ಹೊಗೆ ತುಂಬಿದ ಗಲ್ಲಿಗಳೇ ಹಿತವಾಗಿದ್ದುವೆಂಬುದನ್ನೂ ಬರೆದಿಟ್ಟನು. ತನ್ನ ಸಿದ್ಧಾಂತಕ್ಕೆ ಸುಲಭವಾಗಿ ಒಗ್ಗದ ಸಂಗತಿಗಳನ್ನು ಕೂಡ ಮುಚ್ಚಿಡದ ಪ್ರಾಮಾಣಿಕತೆ ಅವನದು.

ಅವನ ಸಿದ್ಧಾಂತವಾದರೂ ಏನು? ಶ್ವಾಸನಾಳಗಳ ಸ್ನಾಯುಗಳು ಬಿಗಿಯುವುದರಿಂದ ಉಬ್ಬಸವುಂಟಾಗುತ್ತದೆ. ಆ ಬಿಗಿತಕ್ಕೆ ಮೂಲ ನರಮಂಡಲದಲ್ಲಿದೆ. ನಾಳಗಳ ಗೋಡೆಯಲ್ಲಿ ಸ್ನಾಯುಗಳಿವೆಯೆಂಬುದು ಅಷ್ಟರಲ್ಲಿ ಸಿದ್ಧವಾಗಿದ್ದಿತು. ಆದುದರಿಂದ ಸಿದ್ಧಾಂತದ ಪೂರ್ವಾರ್ಧಕ್ಕೆ ಗಟ್ಟಿಯಾದ ಆಧಾರವಿದ್ದಿತು. ಉತ್ತರಾರ್ಧಕ್ಕೆ ಅವನು ಮುಖ್ಯವಾಗಿ ನೆಚ್ಚಿದ್ದು ಒಂದು ಅಭಾವವನ್ನು. ರೋಗ ಥಟ್ಟನೆ ಬರುತ್ತದೆ, ಥಟ್ಟನೆ ಹೋಗುತ್ತದೆ. ನಡುವೆ ರೋಗಿ ಸ್ವಸ್ಥನಂತೆ ಇರುತ್ತಾನೆ. ಮರಣೋತ್ತರ ಪರೀಕ್ಷೆಯಲ್ಲಿ ಮೂಲವಿಕಾರವೊಂದೂ ಕಾಣದ ರೋಗಿಗಳಿದ್ದಾರೆ. ಆದುದರಿಂದ ದೋಷ ನರಗಳ ವ್ಯಾಪಾರದಲ್ಲಿಯೇ ಇರಬೇಕು. ದೀರ್ಘಕಾಲದ ರೋಗಿಗಳ ಶ್ವಾಸಕೋಶದಲ್ಲಿಯೂ ಹೃದಯದಲ್ಲಿಯೂ ಕಂಡ ವಿಕಾರಗಳನ್ನು ಅವನು ರೋಗದ ಪರಿಣಾಮಗಳೆಂದು ಬದಿಗಿರಿಸಿದನು.

ಇದು ಮೌನವನ್ನೇ ಪ್ರಮಾಣವಾಗಿ ಗ್ರಹಿಸುವ ತರ್ಕ. ಒಂದು ಊರಿನ ಹೆಸರು ಶಾಸನಗಳಲ್ಲಿ ಕಾಣದಿದ್ದರೆ ಆ ಊರೇ ಇರಲಿಲ್ಲವೆಂದು ಸಾಧಿಸುವುದಕ್ಕೆ ಮುಂಚೆ, ಎಷ್ಟು ಶಾಸನಗಳು ಉಳಿದುಬಂದಿವೆ, ಅವು ಊರ ಹೆಸರನ್ನು ಹೇಳಲೇಬೇಕಾದಂಥವೇ ಎಂದು ನಾವು ವಿಚಾರಿಸುತ್ತೇವೆ. ಸಾಲ್ಟರನ ಕಾಲದಲ್ಲಿ ಉಬ್ಬಸದ ಮಧ್ಯದಲ್ಲಿಯೇ ಸತ್ತವರು ವಿರಳವೆಂದು ಎಣಿಸಲಾಗಿತ್ತು. ಪರೀಕ್ಷೆಗೆ ದೊರೆತ ದೇಹಗಳೂ ಕೆಲವೇ. ಊತಕಗಳಿಗೆ ಬಣ್ಣವೇರಿಸಿ ನೋಡುವ ವಿಧಾನ ಇನ್ನೂ ಬಾಲ್ಯದಲ್ಲಿದ್ದಿತು. ಎರ್ಲಿಖನು ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳನ್ನು ಗುರುತಿಸಿದ್ದು 1879ರಲ್ಲಿ.

ಚಿಕಿತ್ಸೆಯ ಸಾಕ್ಷ್ಯವೂ ಅವನಿಗೆ ಇಂತಹುದೇ ಮೋಸವನ್ನು ಮಾಡಿತು. ಕಡುಕಾಫಿ ಉಬ್ಬಸವನ್ನು ತಗ್ಗಿಸುತ್ತದೆಂದು ಅವನು ಸರಿಯಾಗಿಯೇ ಕಂಡನು. ನಿದ್ರೆ ನರಗಳನ್ನು ಉಬ್ಬಸಕ್ಕೆ ಅನುಕೂಲವಾಗಿಸುತ್ತದೆ, ಕಾಫಿ ಎಚ್ಚರವನ್ನು ತರುತ್ತದೆ, ಆದುದರಿಂದ ಗುಣ ಕಾಣುತ್ತದೆ ಎಂದು ಅರ್ಥಮಾಡಿದನು. ಕೆಫೀನ್ ಶ್ವಾಸನಾಳದ ಸ್ನಾಯುವನ್ನು ನೇರವಾಗಿಯೇ ಸಡಿಲಿಸುತ್ತದೆಂಬುದು ಈಗ ವಿದಿತ. ಮದ್ದು ಫಲಿಸಿತು, ಆದರೆ ಅವನು ಹೇಳಿದ ಕಾರಣದಿಂದ ಫಲಿಸಲಿಲ್ಲ.

ಮೌನ ಮುರಿದುದು ಮೆಲ್ಲಮೆಲ್ಲನೆ. ಫಾನ್ ಪಿರ್ಕೆಯು 1906ರಲ್ಲಿ ‘ಅಲರ್ಜಿ’ ಎಂಬ ಪದವನ್ನು ಸೃಷ್ಟಿಸಿದನು. ಹ್ಯೂಬರ್ ಮತ್ತು ಕೆಸ್ಲರ್ ಎಂಬವರು 1922ರಲ್ಲಿ, ಶ್ವಾಸರೋಗದಿಂದ ಸತ್ತವರ ನಾಳಗಳ ಗೋಡೆ ದಪ್ಪನಾಗಿ, ಇಯೊಸಿನೊಫಿಲ್‌ಗಳಿಂದ ತುಂಬಿದ್ದುದನ್ನು ವಿವರಿಸಿದರು. 1960ರ ದಶಕದ ಉತ್ತರಾರ್ಧದಲ್ಲಿ ಇಷಿಜಾಕ ದಂಪತಿಗಳೂ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಐಜಿಇ ಎಂಬ ಪ್ರತಿಕಾಯವನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಸಾಲ್ಟರನ ಬೆಕ್ಕಿಗೆ ಆಗ ಅರ್ಥ ದೊರೆಯಿತು: ಬೆಕ್ಕಿನಿಂದ ಬಂದ ಸೂಕ್ಷ್ಮ ಪ್ರೋಟೀನು ಮಾಸ್ಟ್ ಕಣಗಳ ಮೇಲಿರುವ ಐಜಿಇಯನ್ನು ತಾಕಿದಾಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಹೊರಬಿದ್ದು, ಸ್ನಾಯು ಬಿಗಿಯುತ್ತದೆ, ಒಳಪೊರೆ ಊದುತ್ತದೆ, ಲೋಳೆ ಸುರಿಯುತ್ತದೆ. 1980ರ ದಶಕದಲ್ಲಿ ಬದುಕಿರುವ ರೋಗಿಗಳ ನಾಳಗಳಿಂದ ತುಣುಕುಗಳನ್ನು ತೆಗೆದು ನೋಡಿದಾಗ, ಸೌಮ್ಯ ರೋಗದಲ್ಲಿಯೂ ಉರಿಯೂತವಿರುವುದು ಸ್ಪಷ್ಟವಾಯಿತು. ಸ್ವಸ್ಥನಂತೆ ತೋರಿದವನು ಒಳಗೆ ಸ್ವಸ್ಥನಾಗಿರಲಿಲ್ಲ.

ಇಷ್ಟರಿಂದ ಸಾಲ್ಟರನನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ವೇಗಸ್ ನರ ಶ್ವಾಸನಾಳವನ್ನು ಬಿಗಿಸುವುದು ನಿಜ. ಅವನ ಕಾಲದಲ್ಲಿ ಸೇದಿಸುತ್ತಿದ್ದ ದತ್ತೂರಿಯ ಹೊಗೆ ಆ ನರದ ಪ್ರಭಾವವನ್ನೇ ತಡೆಯುತ್ತಿದ್ದಿತು. ಎಲ್ಲ ಶ್ವಾಸರೋಗವೂ ಅಲರ್ಜಿಯಿಂದ ಹುಟ್ಟುವುದಿಲ್ಲ. ನರವಾದವು ಬರಿಯ ಭ್ರಮೆ, ಅಲರ್ಜಿವಾದವೇ ಪೂರ್ಣಸತ್ಯ ಎಂದು ಬರೆಯುವ ಇತಿಹಾಸವೂ ಇನ್ನೊಂದು ಬಗೆಯಲ್ಲಿ ಅವಸರದ್ದೇ.

ಈ ವಿಚಾರ ಕೇವಲ ಪಂಡಿತರ ಚರ್ಚೆಯಲ್ಲ. ಸ್ನಾಯುವಿನ ಬಿಗಿತವೇ ರೋಗವೆಂದು ನಂಬಿದ ಮೇಲೆ, ಬಿಗಿತವನ್ನು ಬಿಡಿಸಿದರೆ ಸಾಕೆಂಬ ಭಾವನೆ ಸಹಜವಾಗಿ ಬೆಳೆಯುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡ್-ವೇಲ್ಸ್‌ಗಳಲ್ಲಿ ಶ್ವಾಸರೋಗದ ಮರಣಗಳು ಏರಿದುವು. ನಾಳಗಳನ್ನು ಸಡಿಲಿಸುವ ಐಸೊಪ್ರೆನಲಿನ್ ತುಂತುರಿನ ಅತಿಬಳಕೆಯ ಮೇಲೆ ಸಂದೇಹ ಬಿದ್ದಿತು. ಮದ್ದೇ ಕೊಂದಿತೋ, ಮದ್ದು ಕೊಟ್ಟ ನೆಮ್ಮದಿಯಿಂದ ತಕ್ಕ ಚಿಕಿತ್ಸೆ ತಡವಾಯಿತೋ ಎಂಬ ವಾದ ಬಹುಕಾಲ ನಡೆಯಿತು. ಉರಿಯೂತವನ್ನು ತಗ್ಗಿಸುವ ಬೆಕ್ಲೊಮೆಥಸೋನ್ ತುಂತುರು ಬ್ರಿಟನ್ನಿನಲ್ಲಿ ಬಳಕೆಗೆ ಬಂದದ್ದು 1972ರಲ್ಲಿ. ಶೀಘ್ರವಾಗಿ ನಾಳಗಳನ್ನು ಸಡಿಲಿಸುವ ಮದ್ದೊಂದನ್ನೇ ನೆಚ್ಚಬಾರದೆಂದು ‘ಜಿನಾ’ ಎಂಬ ಜಾಗತಿಕ ತಜ್ಞಸಂಸ್ಥೆ ಸಾರಿದ್ದು 2019ರಲ್ಲಿ. ಸಾಲ್ಟರನ ಮೊದಲ ಆವೃತ್ತಿಗೆ ಆಗ 159 ವರ್ಷಗಳು ತುಂಬಿದ್ದುವು.

ಇತಿಹಾಸದ ವಿದ್ಯಾರ್ಥಿಗಳು ಈ ಗ್ರಂಥವನ್ನು ಅವಶ್ಯವಾಗಿ ಓದಬೇಕೆಂದು ನಮ್ಮ ಸೂಚನೆ. ಬೆಕ್ಕು, ಒಣಹುಲ್ಲು, ಬೇರಿನ ಪುಡಿಗಳನ್ನು ಕುರಿತ ಅವನ ಪುಟಗಳು ಇಂದಿಗೂ ಸಾಕ್ಷ್ಯವಾಗಿ ನಿಲ್ಲುತ್ತವೆ. ಏನೂ ಕಾಣಲಿಲ್ಲವೆಂಬುದರಿಂದ ಅವನು ತೆಗೆದ ನಿರ್ಣಯವನ್ನು ಮಾತ್ರ, ಎಷ್ಟು ನೋಡಲಾಗಿತ್ತು, ಯಾವ ಸಾಧನದಿಂದ ನೋಡಲಾಗಿತ್ತು ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದತಕ್ಕದ್ದು.