ಧೂಮಕೇತುವಿನ ಕ್ಷ-ಕಿರಣ: ಒಂದು ರೂಪಕದ ಮಿತಿ

ಬಾಲಚುಕ್ಕಿ ಎಂಬ ಕನ್ನಡದ ಹೆಸರು, ಧೂಮಕೇತು ಎಂಬ ಸಂಸ್ಕೃತದ ಹೆಸರು ಎರಡೂ ಕಣ್ಣಿಗೆ ಕಂಡ ಬಾಲವನ್ನೇ ಹಿಡಿದು ಹುಟ್ಟಿದವು. ಜನಪದರ ಇಂಥ ಕಲ್ಪನೆಗಳನ್ನು ಮೌಢ್ಯದ ಪಟ್ಟಿಗೆ ಸೇರಿಸಿ, ಅವುಗಳ ಎದುರಿಗೆ ರೂಪಕಮುಕ್ತ ವಿಜ್ಞಾನವೊಂದನ್ನು ನಿಲ್ಲಿಸುವ ವಿವೇಚನಾಕ್ರಮ ಅಷ್ಟೇನೂ ಸಮರ್ಥನೀಯವಲ್ಲ. 1950ರಲ್ಲಿ ಫ್ರೆಡ್ ವಿಪಲ್ ಮಂಡಿಸಿದ ಮಾದರಿ ಜನಪ್ರಿಯವಾದದ್ದು 'ಕೊಳಕು ಹಿಮದುಂಡೆ' ಎಂಬ ರೂಪಕದಿಂದಲೇ. ಆ ರೂಪಕ ಬಹಳಷ್ಟನ್ನು ವಿವರಿಸಿತು. ಜೊತೆಗೆ, ಧೂಮಕೇತುವೆಂದರೆ ತಣ್ಣನೆಯ ವಸ್ತು ಎಂಬ ಭಾವನೆಯನ್ನೂ ಗಟ್ಟಿಗೊಳಿಸಿತು.

1996ರ ಮಾರ್ಚ್ ಕೊನೆಯಲ್ಲಿ ರೋಸಾಟ್ ಉಪಗ್ರಹವು ಹ್ಯಾಕುತಾಕೆ ಧೂಮಕೇತುವಿನಿಂದ ಕ್ಷ-ಕಿರಣಗಳನ್ನು ಗುರುತಿಸಿದಾಗ ಉಂಟಾದ ಬೆರಗಿಗೆ ಇದೇ ಹಿನ್ನೆಲೆ. ಅವುಗಳ ಪ್ರಖರತೆ ನಿರೀಕ್ಷೆಗಿಂತ ಸುಮಾರು 100 ಪಟ್ಟು ಹೆಚ್ಚಾಗಿತ್ತು. ಹತ್ತಾರು ಲಕ್ಷ ಡಿಗ್ರಿ ತಾಪದ ಅನಿಲ ಸೂಸುವಂಥ ಕಿರಣ ಹಿಮದುಂಡೆಗೆ ಎಲ್ಲಿಂದ ಬರಬೇಕು?

1997ರಲ್ಲಿ ಥಾಮಸ್ ಕ್ರೇವನ್ಸ್ ನೀಡಿದ ಉತ್ತರ ಕುತೂಹಲಕರವಾದುದು. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದ ಸೌರಮಾರುತದಲ್ಲಿ ಆಮ್ಲಜನಕ, ಇಂಗಾಲ, ಸಾರಜನಕಗಳಂಥ ಭಾರ ಅಯಾನುಗಳು ಸಾವಿರಕ್ಕೆ ಒಂದರಷ್ಟಿವೆ. ಸೂರ್ಯನ ಕರೋನಾದ ಉಗ್ರ ತಾಪದಲ್ಲಿ ಬಹುಪಾಲು ಎಲೆಕ್ಟ್ರಾನುಗಳನ್ನು ನೀಗಿಕೊಂಡು ಬಂದ ಇವು, ಧೂಮಕೇತುವಿನ ನೀರಾವಿಯ ಅಣುವಿನಿಂದ ಎಲೆಕ್ಟ್ರಾನೊಂದನ್ನು ಸೆಳೆದುಕೊಳ್ಳುತ್ತವೆ. ಮೇಲಿನ ಶಕ್ತಿಮಟ್ಟದಲ್ಲಿ ಬಂದು ಕುಳಿತ ಆ ಎಲೆಕ್ಟ್ರಾನು ಕೆಳಗಿಳಿಯುವಾಗ ಕ್ಷ-ಕಿರಣ ಹೊಮ್ಮುತ್ತದೆ.

ಇಲ್ಲಿ 'ಡಿಕ್ಕಿ' ಎಂಬ ಪದ ದಾರಿತಪ್ಪಿಸುತ್ತದೆ. ಅದು ಚಕಮಕಿ ಕಲ್ಲಿನ ಕಿಡಿಯನ್ನು ನೆನಪಿಗೆ ತರುತ್ತದೆ. ಪ್ರಯೋಗಾಲಯದಲ್ಲಿ ವೇಗದ ಭಾರ ಅಯಾನುಗಳು ತೆಳುವಾದ ಲೋಹದ ಹಾಳೆಯನ್ನು ಹಾಯುವಾಗ ಪರಮಾಣುಗಳ ಒಳಕವಚದ ಎಲೆಕ್ಟ್ರಾನುಗಳು ಕಿತ್ತುಹೋಗಿ, ಆ ತೆರವು ತುಂಬುವಾಗ ಕ್ಷ-ಕಿರಣ ಬರುತ್ತದೆ. ಅಲ್ಲಿ ಬಡಿತದ ಚಿತ್ರ ತಕ್ಕಮಟ್ಟಿಗೆ ಸಲ್ಲುತ್ತದೆ. ಧೂಮಕೇತುವಿನಲ್ಲಿ ನಡೆಯುವುದು ಕೊಡುಕೊಳೆ. ತೆರವು ಕರೋನಾದಲ್ಲಿಯೇ ಆಗಿರುತ್ತದೆ. ತುಂಬುವುದು ಮಾತ್ರ ಇಲ್ಲಿ. ಹೀಗಾಗಿ ಈ ಬೆಳಕಿನ ಒಡೆತನವನ್ನು ಹಿಮದುಂಡೆಗೆ ಮಾತ್ರವೇ ಸಲ್ಲಿಸಲಾಗದು.

2000ದ ಜುಲೈನಲ್ಲಿ ಚಂದ್ರ ದೂರದರ್ಶಕ (ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದು) ಲೀನಿಯರ್ ಎಸ್4 ಧೂಮಕೇತುವಿನಲ್ಲಿ ಆಮ್ಲಜನಕ, ಸಾರಜನಕ ಅಯಾನುಗಳ ರೇಖೆಗಳನ್ನು ಬಿಡಿಯಾಗಿ ಗುರುತಿಸಿ ಈ ವಿವರಣೆಗೆ ಬಲ ನೀಡಿತು. ಹ್ಯಾಕುತಾಕೆಯ ಚಿತ್ರದಲ್ಲಿ ಇನ್ನೊಂದು ಸಂಗತಿಯಿದೆ. ಬಾಲ ಸೂರ್ಯನಿಗೆ ವಿಮುಖವಾಗಿ ಚಾಚಿದರೆ, ಕ್ಷ-ಕಿರಣದ ಬಾಲಚಂದ್ರಾಕೃತಿ ಬೆಳಗಿದ್ದು ಸೂರ್ಯನ ಕಡೆಯ ಮಗ್ಗುಲಲ್ಲಿ. ಬಾಲದಿಂದ ಬಂದ ಹೆಸರಿಗೂ ಹಿಮದಿಂದ ಬಂದ ರೂಪಕಕ್ಕೂ ಇದು ಒಗ್ಗದು. 2001ರ ಜುಲೈನಲ್ಲಿ ಚಂದ್ರ ದೂರದರ್ಶಕವು ಮಂಗಳನ ಸುತ್ತಲೂ ಇದೇ ಕೊಡುಕೊಳೆಯ ಮಸುಕು ಪ್ರಭಾವಲಯವನ್ನು ಕಂಡಿತು. ಅಲ್ಲಿ ಬಾಲವೂ ಇಲ್ಲ, ಹಿಮದುಂಡೆಯೂ ಇಲ್ಲ.