ಎಮ್ಮೆಲ್ಲೆ ಪತ್ರ ಇಲ್ದೆ ಕೆಲಸ ಆಗೋದಿಲ್ವೆ?

ನಮ್ಮ ಕಡೆ ಶಾಸಕರ ವಾರ ಹೀಗಿರತ್ತೆ: ಅರ್ಧ ವಾರ ಊರಿನ ಮನೆ ಬಾಗಿಲಲ್ಲಿ ಅರ್ಜಿ, ಉಳಿದರ್ಧ ವಿಧಾನಸೌಧದಲ್ಲಿ ಕಡತ. ನಡುವೆ ಮದುವೆ, ತಿಥಿ, ಗುದ್ದಲಿಪೂಜೆ. ಅರಸೀಕೆರೆಯವರು ರೈಲು ಹತ್ತಿ ಬೆಂಗಳೂರಿಗೂ ಹಿಂಬಾಲಿಸ್ತಾರೆ. ರೈಲಿಲ್ಲದ ಬೇಲೂರು, ಹಳೇಬೀಡಿನವರಿಗೆ ಬಸ್ಸೇ ಗತಿ. ಕೈಯಲ್ಲಿರೋದು ವೃದ್ಧಾಪ್ಯ ಪಿಂಚಣಿ, ಖಾತೆ ಬದಲಾವಣೆ, ಜಾತಿ ಪ್ರಮಾಣಪತ್ರ.

ಇಷ್ಟು ಜನರ ಮಾತು ಕೇಳೋದು ಸಣ್ಣ ಕೆಲಸವಲ್ಲ, ಒಪ್ತೀನಿ. ನನ್ನ ತಕರಾರು ಬೇರೆ. ಇಂಥ ಸೇವೆಗಳಿಗೆ ಗಡುವು ಹಾಕಿದ ಸಕಾಲ ಕಾಯ್ದೆ 2011ರದ್ದು. ಅದನ್ನ ಪಾಸು ಮಾಡಿದ್ದು ಇವರು ಕೂರೋ ಸದನವೇ! ತಾನಾಗೇ ಆಗಬೇಕಾದ ಕೆಲಸಕ್ಕೆ ಶಾಸಕರ ಲೆಟರ್‌ಹೆಡ್ ಬೇಕು ಅಂದ್ರೆ ಕಾಯ್ದೆ ಸೋತಿದೆ ಅಂತಲೇ ಅರ್ಥ. ಪತ್ರ ಸಿಕ್ಕವನ ಕಡತ ಮುಂದೆ ಹೋದಷ್ಟೂ ಸಿಗದವನದು ಹಿಂದೆ ಬೀಳತ್ತೆ. ಆ ಬಾಗಿಲವರೆಗೂ ನಡೆಯಲಾರದ ಮುದುಕಿಯ ಪಿಂಚಣಿಗೆ ಯಾರು ಬರೀತಾರೆ?

ವರ್ಷಕ್ಕೆ 60 ದಿನ ಅಧಿವೇಶನ ನಡೀಬೇಕು ಅಂತ 2005ರ ಕಾಯ್ದೆ ಹೇಳತ್ತೆ. ಅಲ್ಲಿ ಎದ್ದು ನಿಂತು, ‘ನನ್ನ ತಾಲ್ಲೂಕು ಕಚೇರೀಲಿ ಎಷ್ಟು ಅರ್ಜಿ ಗಡುವು ಮೀರಿವೆ, ಯಾಕೆ?’ ಅಂತ ಮಂತ್ರಿಯನ್ನ ಕೇಳಲಿ. ನೂರು ಪತ್ರದ ಕೆಲಸ ಅದೊಂದೇ ಪ್ರಶ್ನೆ ಮಾಡೀತು. ನಾವೂ ಅಷ್ಟೇ ಬಿಡಿ: ಮದುವೆಗೆ ಬರ್ಲಿಲ್ಲ ಅಂತ ಮುನಿಸ್ಕೋತೀವಿ, ಸದನದಲ್ಲಿ ಬಾಯಿ ಬಿಡ್ಲಿಲ್ಲ ಅಂತ ಯಾರಾದ್ರೂ ಮುನಿಸ್ಕೊಂಡಿದ್ದೀವಾ?